ಹಸಿರು ಬಳೆಯ ಕೈ

ನಾನು ಸಮ್ಮೋಹನ ಚಿಕಿತ್ಸೆ ಮಾಡುವವನು ಅಂತ ಗೊತ್ತಾದ ಮೇಲೆ ಮದುವೆ ಮನೆಗಳಲ್ಲಿ ಕೆಲವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದನ್ನೇ ಬಿಡುತ್ತಾರೆ. ಇನ್ನು ಕೆಲವರು ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಾಗಿ, "ನಮ್ಮ ಹುಡುಗ ಓದೋ ಹಾಗೆ ಮಾಡಕ್ಕಾಗುತ್ತಾ?" ಎಂದು ಕೇಳುತ್ತಾರೆ. ಎರಡೂ ಗುಂಪಿನವರ ನಂಬಿಕೆ ಒಂದೇ. ಮನುಷ್ಯನ ಒಳಗೆ ಇನ್ನೊಬ್ಬ ಕೂತಿದ್ದಾನೆ, ಅವನಿಗೆ ಎಲ್ಲವೂ ಗೊತ್ತು, ಅವನ ಕೋಣೆಯ ಬೀಗದಕೈ ನನ್ನ ಜೇಬಿನಲ್ಲಿದೆ. ಬಹಳ ಕಾಲ ನಾನೂ ಅದನ್ನೇ ನಂಬಿದ್ದೆ. ಕ್ಲಿನಿಕ್ಕಿನ ಬಾಡಿಗೆ ಹುಟ್ಟುತ್ತಿದ್ದದ್ದೂ ಆ ನಂಬಿಕೆಯಿಂದಲೇ.

ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೆ. ಅದು ಅನ್ನ ಕೊಡಲಿಲ್ಲ. ಬೆಂಗಳೂರಿನ ಹೋಟೆಲೊಂದರ ಹಾಲ್‌ನಲ್ಲಿ ವಾರಾಂತ್ಯಕ್ಕೆ ನಡೆಯುತ್ತಿದ್ದ ಒಂದು ಕೋರ್ಸು ಕೊಟ್ಟಿತು. ಅಲ್ಲಿ ಪರದೆಯ ಮೇಲೆ ಒಂದು ಚಿತ್ರ: ಸಮುದ್ರದಲ್ಲಿ ತೇಲುವ ಹಿಮದ ಗುಡ್ಡ. ಮೇಲೆ ಕಾಣುವ ತುದಿಗೆ 'ಜಾಗೃತ ಮನಸ್ಸು, ಶೇ. 10', ಕೆಳಗೆ ಮುಳುಗಿದ ಭಾಗಕ್ಕೆ 'ಸುಪ್ತ ಮನಸ್ಸು, ಶೇ. 90'. ಇದನ್ನು ಅಳೆದವರು ಯಾರು, ಯಾವ ತಕ್ಕಡಿಯಲ್ಲಿ ಎಂದು ಕೇಳಬೇಕೆಂದು ನಮ್ಮ ಪೈಕಿ ಒಬ್ಬರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು, ಕೇಳಿದ್ದು ಎಲ್ಲವೂ ಸುಪ್ತ ಮನಸ್ಸಿನಲ್ಲಿ ಅಳಿಯದೆ ಉಳಿದಿದೆ. ಸಮ್ಮೋಹನದಲ್ಲಿ ಕೇಳಿದರೆ ಹೊರಗೆ ಬರುತ್ತದೆ. ಸುಪ್ತ ಮನಸ್ಸು ಸುಳ್ಳು ಹೇಳುವುದಿಲ್ಲ. ಅಲ್ಲಿ ಕಲಿಸಿದ್ದರ ತಿರುಳು ಇಷ್ಟೇ. ಊರಿಗೆ ಬಂದು ಅದೇ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಿದೆ. ಬಂದವರು "ಡಾಕ್ಟ್ರೇ" ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ತಿದ್ದಬೇಕಿತ್ತು. ತಿದ್ದಲಿಲ್ಲ.

ಈಗ ಹೇಳಲಿರುವ ಪ್ರಕರಣದಲ್ಲಿ ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆಯೂ ಇದೆ.

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಯುಗಾದಿ ಕಳೆದು ಸ್ವಲ್ಪ ದಿನವಾಗಿತ್ತು. ಆಕೆಯ ಅವಲಕ್ಕಿ ಸರ ಕಾಣೆಯಾಗಿತ್ತು, ತವರಿನವರು ಮದುವೆಯಲ್ಲಿ ಹಾಕಿದ್ದು. ಬೀರು, ಟ್ರಂಕು, ಅಕ್ಕಿ ಡಬ್ಬ ಎಲ್ಲ ಜಾಲಾಡಿದ್ದಾಗಿತ್ತು. ಪೊಲೀಸಿಗೆ ಹೋದರೆ ಕೂಡು ಕುಟುಂಬದ ಮಾನ ಹೋಗುತ್ತದೆ ಎಂದು ಮನೆಯ ಹಿರಿಯರು ತಡೆದಿದ್ದರು. "ಎಲ್ಲಿಟ್ಟೆ ಅಂತ ಇವಳಿಗೆ ನೆನಪು ಬರಿಸಿಕೊಟ್ರೆ ಸಾಕು ಸರ್" ಎಂದರು ಗಂಡ. ಆಕೆ ನೀರು ಕುಡಿಯಲು ಹೊರಗೆ ಹೋದಾಗ ಮಾತ್ರ ದನಿ ತಗ್ಗಿಸಿ, "ನಮ್ಮ ತಮ್ಮನ ಹೆಂಡ್ತಿ ಮೇಲೆ ಅನುಮಾನ ಇದೆ. ಆದ್ರೆ ಬಾಯಿಬಿಟ್ಟು ಹೇಳೋಕಾಗಲ್ಲ" ಎಂದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಬಾರದಿತ್ತು. ಹಾಕಿಕೊಂಡ ಮೇಲೆ ಆ ಕೆಲಸಕ್ಕೇ ಕೈ ಹಾಕಬಾರದಿತ್ತು.

ಆಕೆ ಸಮ್ಮೋಹನಕ್ಕೆ ಹೇಳಿ ಮಾಡಿಸಿದಂಥ ವ್ಯಕ್ತಿ. ಎಲ್ಲರೂ ಹಾಗಿರುವುದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹಿಲ್ಗಾರ್ಡ್ ಮತ್ತು ವೈಟ್ಜನ್‌ಹೊಫರ್ 1959ರಲ್ಲಿ ಇದನ್ನು ಅಳೆಯಲು ಒಂದು ಮಾಪಕ ರೂಪಿಸಿದರು. ಅಂದಿನಿಂದ ಮತ್ತೆ ಮತ್ತೆ ಕಂಡುಬಂದಿರುವುದೇನೆಂದರೆ ಒಂದಷ್ಟು ಜನ ಬಹಳ ಬೇಗ ಒಳಗಾಗುತ್ತಾರೆ, ಒಂದಷ್ಟು ಜನ ಏನು ಮಾಡಿದರೂ ಒಳಗಾಗುವುದಿಲ್ಲ, ಬಹುಪಾಲು ಜನ ನಡುವೆ ಇರುತ್ತಾರೆ. ಚಿಕಿತ್ಸಕನ ಕಣ್ಣಿನ ಕಾಂತಿಗೂ ಇದಕ್ಕೂ ಸಂಬಂಧವಿಲ್ಲ. ನಾನು ಆಕೆಗೆ ಕಣ್ಣು ಮುಚ್ಚಿಸಿ, ಉಸಿರಿನ ಮೇಲೆ ಗಮನ ನಿಲ್ಲಿಸಿ, ಹತ್ತು ಮೆಟ್ಟಿಲು ಇಳಿಸಿದೆ. ಬಲಗೈ ಮಣಿಕಟ್ಟಿಗೆ ಬಲೂನು ಕಟ್ಟಿದೆ ಎಂದೆ. ಕೈ ತನ್ನಷ್ಟಕ್ಕೆ ತಾನೇ, ಸಣ್ಣ ಸಣ್ಣ ಕುಲುಕಾಟದಲ್ಲಿ, ಕುರ್ಚಿಯ ತೋಳಿನಿಂದ ಮೇಲೆದ್ದಿತು. ಮುಖದ ಬಿಗಿ ಸಡಿಲಾಯಿತು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಅತ್ತಿತ್ತ ಆಡತೊಡಗಿತು. ಅಷ್ಟು ಬೇಗ ಕೈ ಏಳುವುದನ್ನು ಕಂಡಾಗ ಯಾವ ಚಿಕಿತ್ಸಕನಿಗಾದರೂ ಒಳಗೊಳಗೇ ಹೆಮ್ಮೆ. ಆ ಹೆಮ್ಮೆಯೂ ಒಂದು ಅಮಲೇ.

ಆ ಮೇಲೆ ನಡೆದದ್ದಕ್ಕೆ ರೆಕಾರ್ಡಿಂಗ್ ಇದೆ.

"ಕೋಣೆ ಕಾಣ್ತಿದೆಯಾ?"

"ಕಾಣ್ತಿದೆ."

"ಸರ ಎಲ್ಲಿದೆ?"

"ಕಿಟಕಿ ಪಕ್ಕ... ಗೂಡಲ್ಲಿ."

"ನೀವು ಸ್ನಾನಕ್ಕೆ ಹೋಗಿದ್ದೀರಿ. ಯಾರೋ ಕೋಣೆ ಒಳಗೆ ಬರ್ತಿದ್ದಾರೆ. ಅವಸರ ಇಲ್ಲ, ನಿಧಾನಕ್ಕೆ ನೋಡಿ."

ತುಂಬಾ ಹೊತ್ತು ಮೌನ. ಫ್ಯಾನಿನ ಸದ್ದು.

"ಕೈ ಕಾಣ್ತಿದೆಯಾ?"

"ಹೂಂ."

"ಬಳೆ ಇದೆಯಾ?"

"ಇದೆ. ಹಸಿರು."

"ಯಾರ ಕೈ ಅಂತ ನಿಮಗೆ ಗೊತ್ತು. ಹೆದರಬೇಡಿ, ಹೇಳಿ."

ಆಕೆ ಓರಗಿತ್ತಿಯ ಹೆಸರು ಹೇಳಿ ಬಿಕ್ಕಿ ಬಿಕ್ಕಿ ಅತ್ತರು.

ಅತ್ತದ್ದನ್ನೇ ನಾನು ಸಾಕ್ಷಿ ಎಂದುಕೊಂಡೆ. ಕಣ್ಣೀರು ಬಂದ ಮೇಲೆ ಬಂದದ್ದು ಸತ್ಯವೇ ಎಂಬುದು ನಮ್ಮ ಕಸುಬಿನ ಬಹು ಹಳೆಯ ಮೂಢನಂಬಿಕೆ. ಮನಸ್ಸು ನೊಂದರೆ ನೀರು ಬರುತ್ತದೆ. ನೋವಿನ ಕಾರಣ ನಡೆದದ್ದೋ ಕಲ್ಪಿಸಿಕೊಂಡದ್ದೋ ಎಂದು ಕಣ್ಣು ವಿಚಾರಿಸುವುದಿಲ್ಲ. ಸಿನಿಮಾ ನೋಡಿ ಅಳುವವರನ್ನು ನಾವು ಕಂಡಿಲ್ಲವೇ? ಇನ್ನೊಂದು ಸಂಗತಿ ನನಗೆ ಹೊಳೆದದ್ದು ತಿಂಗಳುಗಳ ಮೇಲೆ, ಅದೂ ಇನ್ನೊಬ್ಬರು ಬೆರಳಿಟ್ಟು ತೋರಿಸಿದಾಗ. ಆಕೆ ಬಚ್ಚಲಲ್ಲಿದ್ದರು ಎಂದು ನಾನೇ ಹೇಳುತ್ತಿದ್ದೇನೆ. ಬಚ್ಚಲಲ್ಲಿದ್ದವರಿಗೆ ಕೋಣೆಯೊಳಗೆ ಏನಾಯಿತು ನೋಡಿ ಅಂತಲೂ ನಾನೇ ಹೇಳುತ್ತಿದ್ದೇನೆ! ಸುಪ್ತ ಮನಸ್ಸು ಗೋಡೆಯಾಚೆಗೂ ಇಣುಕುವ ಕ್ಯಾಮೆರಾ ಎಂದು ನಂಬಿದವನಿಗೆ ಅದು ತಮಾಷೆಯಾಗಿ ಕಾಣಲೇ ಇಲ್ಲ.

ಅವರು ಮನೆಗೆ ಹೋದರು. "ಡಾಕ್ಟ್ರೇ ಹೇಳಿದಾರೆ" ಎಂಬ ಮಾತು ಅಲ್ಲಿ ಓಡಾಡಿತು. ಓರಗಿತ್ತಿಯನ್ನು ಕರೆಸಿ ಮನೆದೇವರ ಮುಂದೆ ದೀಪ ಮುಟ್ಟಿ ಆಣೆ ಇಡು ಎಂದರಂತೆ. "ಮಾಡದ ತಪ್ಪಿಗೆ ನಾನ್ಯಾಕೆ ಆಣೆ ಇಡಲಿ?" ಎಂದು ಅವರು ಸೆಟೆದು ನಿಂತರಂತೆ. ಆಣೆ ಇಡದ್ದೂ ಅವರ ಮೇಲಿನ ಇನ್ನೊಂದು ಸಾಕ್ಷಿಯಾಯಿತು. ತಿಂಗಳೊಪ್ಪತ್ತಿನಲ್ಲಿ ತಮ್ಮ ಬಾಡಿಗೆ ಮನೆ ಹಿಡಿದ. ಒಲೆ ಬೇರೆಯಾಯಿತು.

ಗೌರಿ ಹಬ್ಬದ ಹೊತ್ತಿಗೆ ಸರ ಸಿಕ್ಕಿತು. ಬಾಗಿನಕ್ಕೆಂದು ಆಕೆ ರವಿಕೆ ಕಣಗಳ ಕಟ್ಟು ಬಿಚ್ಚಿದ್ದಾರೆ. ನಮ್ಮ ಮನೆಗಳಲ್ಲಿ ಮದುವೆ ಮುಂಜಿಗಳಲ್ಲಿ ಬಂದ ಕಣ ಒಂದು ಚೀಲದಲ್ಲಿ ಸೇರುತ್ತದೆ, ಮುಂದಿನ ಹಬ್ಬಕ್ಕೆ ಇನ್ನೊಬ್ಬರ ಮಡಿಲಿಗೆ ಹೋಗುತ್ತದೆ. ಒಂದು ಕಣದ ಮಡಿಕೆಯಿಂದ ಸರ ಜಾರಿ ಬಿತ್ತು. ಯಾವುದೋ ಮದುವೆಯ ಛತ್ರದಲ್ಲಿ ಕೊಂಡಿ ಸಡಿಲವಾಗಿ, ತಾಂಬೂಲದ ಕಣದಲ್ಲಿ ಸುತ್ತಿಟ್ಟಿರಬೇಕು. 'ಇರಬೇಕು' ಎಂದೆ, ಯಾಕೆಂದರೆ ಸುತ್ತಿಟ್ಟದ್ದು ಆಕೆಗೆ ಇವತ್ತಿಗೂ ನೆನಪಿಲ್ಲ. ಇನ್ನೂ ಒಂದು ವಾರ ತಡವಾಗಿದ್ದರೆ ಆ ಕಣ ಯಾರದೋ ಬಾಗಿನದಲ್ಲಿ ಸರದ ಸಮೇತ ಹೊರಟುಹೋಗುತ್ತಿತ್ತು.

ಆಕೆ ಒಬ್ಬರೇ ನನ್ನ ಕ್ಲಿನಿಕ್ಕಿಗೆ ಬಂದರು. ಜಗಳಕ್ಕೆ ಬಂದಿರಲಿಲ್ಲ. "ಸರ ಕತ್ತಲ್ಲೇ ಇದೆ ಸರ್, ನೋಡಿ. ಆದ್ರೂ ಕಣ್ಣು ಮುಚ್ಚಿದ್ರೆ ಆ ಕೈ ಕಾಣುತ್ತೆ. ಹಸಿರು ಬಳೆ. ಅದನ್ನ ತೆಗೀರಿ" ಎಂದರು.

ನನ್ನಿಂದ ಆಗಲಿಲ್ಲ. ತೆಗೆಯುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಹಾಕುವುದು ಎಷ್ಟು ಸುಲಭ ಎಂಬುದು ಮಾತ್ರ ಗೊತ್ತಾಗಿತ್ತು. ಪರಿಚಯದ ಹಿರಿಯ ಮನೋವೈದ್ಯರೊಬ್ಬರ ಬಳಿಗೆ ಅವರನ್ನು ಕಳಿಸಿದೆ. ಆಕೆಯ ಒಪ್ಪಿಗೆ ಪಡೆದು, ರೆಕಾರ್ಡಿಂಗ್ ಹಿಡಿದುಕೊಂಡು ನಾನೂ ಹೋದೆ. ಆ ವೈದ್ಯರು ಬೈಯಲಿಲ್ಲ. ಪೆನ್ನು ಕೊಟ್ಟು, ಕೈ ಎಂಬ ಮಾತು ಮೊದಲು ಯಾರ ಬಾಯಿಂದ ಬಂತು ಬರೆದುಕೊಳ್ಳಿ ಎಂದರು. ಬಳೆ? ಯಾರೋ ಒಳಗೆ ಬಂದದ್ದು? ಸ್ನಾನ? ಕೊನೆಗೆ ಕಾಗದದಲ್ಲಿ ಆಕೆಯದೆಂದು ಉಳಿದದ್ದು ಕಿಟಕಿಯ ಗೂಡು, ಹಸಿರು ಬಣ್ಣ, ಮತ್ತು ಮನೆಯಲ್ಲೆಲ್ಲ ಆಗಲೇ ಪಿಸುಗುಡುತ್ತಿದ್ದ ಒಂದು ಹೆಸರು. ಮಿಕ್ಕಿದ್ದೆಲ್ಲ ನನ್ನದು.

ನಮ್ಮಜ್ಜಿಯ ಊರಲ್ಲಿ ಕಳವಾದರೆ ಅಂಜನ ಹಾಕಿಸುತ್ತಿದ್ದರು. ವೀಳ್ಯದೆಲೆಗೆ ಕಪ್ಪು ಬಳಿದು, ಏನೂ ಅರಿಯದ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿ ನೋಡಿಸುವುದು. "ಆಂಜನೇಯ ಬಂದನಾ? ಕಸ ಗುಡಿಸಿದನಾ? ಕುರ್ಚಿ ಹಾಕಿದನಾ?" ಅಂಜನದವನು ಒಂದೊಂದೇ ಕೇಳುತ್ತಾನೆ, ಮಗು ಹೂಂಗುಟ್ಟುತ್ತದೆ. ಆಂಜನೇಯ ಕಸ ಗುಡಿಸುವುದನ್ನು ಕಂಡ ಮಗುವಿಗೆ ಕಳ್ಳನ ಮುಖ ಕಾಣದೇ ಇರುತ್ತದೆಯೇ? ಸುತ್ತ ನಿಂತ ಮನೆಯವರ ಅನುಮಾನ ಯಾರ ಮೇಲಿದೆ ಎಂಬುದನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಎಂ.ಎ. ಓದುವಾಗ ಅಂಜನವನ್ನು ನಾವೆಲ್ಲ ನಗೆಯಾಡುತ್ತಿದ್ದೆವು. ನಾನು ಮಾಡಿದ್ದು ಅದನ್ನೇ, ಎಲೆಯ ಜಾಗದಲ್ಲಿ ಒರಗು ಕುರ್ಚಿ ಇತ್ತು ಅಷ್ಟೆ. ಅಂಜನದವನಿಗೆ ತೆಂಗಿನಕಾಯಿ, ದಕ್ಷಿಣೆ. ನನಗೆ ಗಂಟೆ ಲೆಕ್ಕದ ಫೀಸು.

ಆ ಮೇಲೆ ಓದಲು ಕೂತೆ. ಕೋರ್ಸಿಗೆ ಮುಂಚೆ ಓದಬೇಕಿದ್ದುದನ್ನು ಈಗ ಓದಿದೆ. ನಾಚಿಕೆಯಾದದ್ದು ಯಾಕೆಂದರೆ ಇದರಲ್ಲಿ ಹೊಸದೇನೂ ಇಲ್ಲ. 1784ರಷ್ಟು ಹಿಂದೆಯೇ, ಮೆಸ್ಮರ್ ಎಂಬ ವೈದ್ಯನ 'ಪ್ರಾಣಿ ಅಯಸ್ಕಾಂತ'ಕ್ಕೆ ಪ್ಯಾರಿಸ್ಸೇ ಮರುಳಾಗಿದ್ದಾಗ, ಫ್ರಾನ್ಸಿನ ದೊರೆ 16ನೇ ಲೂಯಿ ಒಂದು ಸಮಿತಿ ನೇಮಿಸಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೇ ಅದರಲ್ಲಿದ್ದರು. ಫ್ರಾಂಕ್ಲಿನ್ನನ ತೋಟದಲ್ಲಿ ಒಂದು ಮರಕ್ಕೆ ಮೆಸ್ಮರನ ಶಿಷ್ಯ 'ಶಕ್ತಿ' ತುಂಬಿದ. ಕಣ್ಣು ಕಟ್ಟಿದ ಹುಡುಗನೊಬ್ಬನನ್ನು ಮರದಿಂದ ಮರಕ್ಕೆ ನಡೆಸಿದರು. ಹುಡುಗ ಮೂರ್ಛೆ ಹೋದ, ಶಕ್ತಿ ತುಂಬದ ಬೇರೊಂದು ಮರದ ಬುಡದಲ್ಲಿ. ಮೂರ್ಛೆ ನಟನೆಯಲ್ಲ, ಅದರ ಕಾರಣ ಮಾತ್ರ ಮರದಲ್ಲಿರಲಿಲ್ಲ, ಹುಡುಗನ ನಿರೀಕ್ಷೆಯಲ್ಲಿತ್ತು.

ಇದನ್ನೇ ಇನ್ನೂ ಚೆನ್ನಾಗಿ ಹೇಳಿದವನು ನಮ್ಮ ನೆರೆಯ ಗೋವಾದವನು. ಪಣಜಿಯಲ್ಲಿ ಮಾಂಡವಿ ನದಿಯ ಹತ್ತಿರ, ಹಳೆಯ ಸಚಿವಾಲಯದ ಪಕ್ಕ, ನಿಲುವಂಗಿ ತೊಟ್ಟ ಪಾದ್ರಿಯೊಬ್ಬ ಹೆಂಗಸಿನ ಮೇಲೆ ಎರಡೂ ಕೈ ಚಾಚಿ ನಿಂತ ಕಂಚಿನ ಪ್ರತಿಮೆಯಿದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಹೋದವರು ಅದರ ಮುಂದೆ ಫೋಟೊ ಹೊಡೆಸಿಕೊಳ್ಳುತ್ತಾರೆ, ಯಾರೆಂದು ಕೇಳುವವರು ಕಡಿಮೆ. ಅವನೇ ಆಬೆ ಫಾರಿಯಾ. ಕಾಂಡೋಲಿಮ್‌ನಲ್ಲಿ 1756ರಲ್ಲಿ ಹುಟ್ಟಿ, 1813ರಲ್ಲಿ ಪ್ಯಾರಿಸ್ಸಿನಲ್ಲಿ ಜನರನ್ನು ಕೂರಿಸಿ "ನಿದ್ರಿಸಿ!" ಎಂದು ಗದರಿ ಸಮ್ಮೋಹನಕ್ಕೆ ಒಳಪಡಿಸುತ್ತಿದ್ದ. ಅಲೆಕ್ಸಾಂಡರ್ ಡ್ಯೂಮಾ ತನ್ನ 'ದಿ ಕೌಂಟ್ ಆಫ್ ಮಾಂಟೆ ಕ್ರಿಸ್ಟೊ' ಕಾದಂಬರಿಯ ಮುದಿ ಕೈದಿಗೆ ಇಟ್ಟದ್ದು ಇವನ ಹೆಸರನ್ನೇ. ಫಾರಿಯಾನ ವಾದ ಸರಳ: ಸಮ್ಮೋಹನ ಮಾಡುವವನಿಂದ ಮೆಸ್ಮರ್ ಹೇಳಿದಂಥ ಯಾವ ದ್ರವವೂ ಹರಿಯುವುದಿಲ್ಲ, ಆಗುವುದೆಲ್ಲ ಕೂತವನ ಮನಸ್ಸಿನಲ್ಲೇ. ಕಸುಬಿನ ಗುಟ್ಟನ್ನು ಹೀಗೆ ಬಯಲಿಗಿಟ್ಟವನನ್ನು ಪ್ಯಾರಿಸ್ ಗೇಲಿ ಮಾಡಿ ಮೂಲೆಗೊತ್ತಿತು. ಫಾರಿಯಾನನ್ನು ನಾನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ದ್ರವ ಹರಿಯುವುದಿಲ್ಲ, ಪ್ರಶ್ನೆ ಹರಿಯುತ್ತದೆ.

ನೆನಪಿನ ವಿಷಯಕ್ಕೆ ಬಂದರೆ, ಅದು ಕಪಾಟಿನಲ್ಲಿ ಮಡಿಸಿಟ್ಟ ವಸ್ತುವಲ್ಲ ಎಂದು ಕೇಂಬ್ರಿಜ್‌ನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ 1932ರಲ್ಲೇ ಬರೆದಿದ್ದ. ಓದಿಸಿದ ಕಥೆಯನ್ನು ಜನ ಕಾಲ ಕಳೆದಂತೆ ತಮಗೆ ಪರಿಚಯದ ಲೋಕಕ್ಕೆ ಒಗ್ಗಿಸಿಕೊಂಡು ಹೇಳುತ್ತಾರೆ, ಬದಲಿಸಿದ್ದು ಅವರ ಅರಿವಿಗೇ ಬಂದಿರುವುದಿಲ್ಲ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಜನರಿಗೆ, ನೀವು ಚಿಕ್ಕವರಿದ್ದಾಗ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು ನಿಜ ಘಟನೆಗಳ ಜತೆ ಸೇರಿಸಿ ಕೊಟ್ಟರು. ಸುಮಾರು ಕಾಲು ಭಾಗ ಜನ ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ 'ನೆನಪಿಸಿಕೊಂಡರು'. ಅಲ್ಲಿ ಸಮ್ಮೋಹನವೇ ಇರಲಿಲ್ಲ, ಮನೆಯವರು ಹೇಳಿದ್ದು ಎಂಬ ಮಾತೊಂದೇ ಸಾಕಾಯಿತು. ಸಮ್ಮೋಹನ ಸೇರಿದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಅದರಲ್ಲಿ ಬಂದ ನೆನಪು ಸಾಮಾನ್ಯ ನೆನಪಿಗಿಂತ ಹೆಚ್ಚು ನಂಬಿಕೆಗೆ ಅರ್ಹವಲ್ಲ, ಕಲ್ಪನೆ ಬೆರೆತಿರಬಹುದು ಎಂದು ಅಮೆರಿಕದ ವೈದ್ಯ ಸಂಘದ ಮಂಡಳಿ 1985ರಲ್ಲಿ ವರದಿ ಕೊಟ್ಟಿತು. ಹೇಳುವವರ ಆತ್ಮವಿಶ್ವಾಸ ಮಾತ್ರ ಏರುತ್ತದೆ. ಸರ ಕಳೆದುಕೊಂಡಿದ್ದ ಆಕೆ ಸಮ್ಮೋಹನಕ್ಕೆ ಮುಂಚೆ "ಗೊತ್ತಿಲ್ಲ" ಎನ್ನುತ್ತಿದ್ದರು, ಆಮೇಲೆ "ಕಣ್ಣಾರೆ ಕಂಡೆ" ಎಂದರು. ನನ್ನ ಚಿಕಿತ್ಸೆಯ ಫಲ ಅದೇ.

ನಮ್ಮ ರಾಜ್ಯಕ್ಕೆ ಈ ನಂಬಿಕೆ ಇನ್ನೊಂದು ವೇಷದಲ್ಲಿ ಪರಿಚಿತ. ಮಂಪರು ಪರೀಕ್ಷೆ. ಅಲ್ಲಿ ಮಾತಿನ ಬದಲು ಪೆಂಟೋಥಾಲ್ ಎಂಬ ಮದ್ದು. ಹಿಂದಿರುವ ಭರವಸೆ ಒಂದೇ, ಎಚ್ಚರ ಮಂಕಾದರೆ ಸತ್ಯ ತಾನಾಗಿ ಹೊರಬೀಳುತ್ತದೆ ಎಂಬುದು. 2010ರ ಮೇ 5ರಂದು 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಗುರಿಪಡಿಸುವಂತಿಲ್ಲ ಎಂದಿತು. ಆ ತೀರ್ಪು ಬಂದಾಗ ನಾನು ಪತ್ರಿಕೆಯಲ್ಲಿ ಓದಿ ತಲೆದೂಗಿದ್ದೆ. ನನ್ನ ಕುರ್ಚಿಗೂ ಅದಕ್ಕೂ ಏನಾದರೂ ಸಂಬಂಧ ಇರಬಹುದು ಎಂದು ಅನ್ನಿಸಲೇ ಇಲ್ಲ.

ಸಮ್ಮೋಹನದಲ್ಲಿ ಪೂರ್ವಜನ್ಮ ನೋಡಿಸುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಳಿಕೊಂಡು ಬರುವವರು ಈಗಲೂ ಬಹಳ. ನಾನು ಮೊದಲು ಮಾಡುತ್ತಿದ್ದೆ, ಈಗ ಮಾಡುವುದಿಲ್ಲ. ಸುಮ್ಮನೆ ಒಂದು ಮಾತು: ನನ್ನಲ್ಲಿಗೆ ಬಂದವರಲ್ಲಿ ರಾಜರು, ನರ್ತಕಿಯರು, ಋಷಿಗಳು ಇದ್ದರು. ಹಿಂದಿನ ಜನ್ಮದಲ್ಲಿ ಇಡೀ ಬದುಕು ರಾಗಿ ಬೀಸಿ ಸತ್ತವರು ಒಬ್ಬರೂ ಬರಲಿಲ್ಲ.

ಹಾಗಾದರೆ ಈ ಅಂಗಡಿ ಯಾಕೆ ಇನ್ನೂ ತೆರೆದಿಟ್ಟಿದ್ದೀಯ ಎಂದು ಸ್ನೇಹಿತರು ಕೇಳುತ್ತಾರೆ. ಸಮ್ಮೋಹನ ಬುರುಡೆಯಲ್ಲ ಎಂಬುದೇ ಉತ್ತರ. ಕ್ಲೋರೋಫಾರ್ಮ್ ಬರುವುದಕ್ಕೆ ಮುಂಚೆ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೈಲ್ ಎಂಬ ಸ್ಕಾಟಿಷ್ ವೈದ್ಯ ಆನೆಕಾಲು ರೋಗದ ದೊಡ್ಡ ದೊಡ್ಡ ಗಡ್ಡೆಗಳನ್ನು ಇದರ ಆಸರೆಯಲ್ಲೇ ಕೊಯ್ದು ತೆಗೆದ. ರೋಗಿಯ ಮೈಮೇಲೆ ಗಂಟೆಗಟ್ಟಲೆ ಕೈ ಆಡಿಸುತ್ತಿದ್ದವರು ನಮ್ಮ ದೇಶದ ಸಹಾಯಕರೇ, ಅವರ ಹೆಸರು ಹೇಳುವವರಿಲ್ಲ. ಸರ್ಕಾರ ಅವನಿಗೆ 1846ರಲ್ಲಿ ಕಲ್ಕತ್ತೆಯಲ್ಲಿ ಪುಟ್ಟ ಆಸ್ಪತ್ರೆಯನ್ನೇ ವಹಿಸಿಕೊಟ್ಟಿತು. ನಮ್ಮ ಕಾಲಕ್ಕೆ ಬಂದರೆ, ಮ್ಯಾಂಚೆಸ್ಟರಿನ ವೈದ್ಯ ಪೀಟರ್ ವೊರ್ವೆಲ್ 1984ರಲ್ಲಿ, ಬೇರೆ ಚಿಕಿತ್ಸೆಗೆ ಬಗ್ಗದ ಕರುಳಿನ ಕಿರಿಕಿರಿ ಕಾಯಿಲೆಯ, ಅಂದರೆ ಐಬಿಎಸ್‌ನ, 30 ರೋಗಿಗಳ ಮೇಲೆ ಪ್ರಯೋಗ ಮಾಡಿ ಸಮ್ಮೋಹನದಿಂದ ಒಳ್ಳೆಯ ಫಲ ಕಂಡರು. ಔಷಧ ವರ್ಷವಾದರೂ ನಾಟದಿದ್ದರೆ ಇದನ್ನು ಯೋಚಿಸಬಹುದು ಎಂದು ಬ್ರಿಟನ್ನಿನ ಅಧಿಕೃತ ಚಿಕಿತ್ಸಾ ಮಾರ್ಗಸೂಚಿಯೇ ಹೇಳುತ್ತದೆ.

ಈಗ ನನ್ನಲ್ಲಿಗೆ ಬರುವವರಲ್ಲಿ ಒಬ್ಬರು ಸಾರಿಗೆ ಬಸ್ಸಿನ ಕಂಡಕ್ಟರ್. ದೂರದ ರೂಟಿಗೆ ಹಾಕಿದರೆ ಹೊಟ್ಟೆ ತಿರುವುತ್ತಿತ್ತು, ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ ಎಂಬುದು ಅವರಿಗೆ ಸ್ಟಾಪುಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಹೊಟ್ಟೆಯ ತಜ್ಞರ ಚೀಟಿ ನೋಡಿದ ಮೇಲೆಯೇ ನಾನು ಒಪ್ಪಿಕೊಂಡದ್ದು. ಕಣ್ಣು ಮುಚ್ಚಿ, ಅಂಗೈ ಹೊಟ್ಟೆಯ ಮೇಲಿಟ್ಟು, ಬಿಸಿ ಇಳಿಯುವುದನ್ನು ಗಮನಿಸಿ ಎನ್ನುತ್ತೇನೆ. ಮಳೆಗಾಲದಲ್ಲಿ ಕೆಂಪಗೆ ನುಗ್ಗುವ ಕಾವೇರಿ ನಿಧಾನಕ್ಕೆ ತಿಳಿಯಾಗಿ ಹರಿಯುತ್ತಿರುವುದನ್ನು ನೋಡಿ ಎನ್ನುತ್ತೇನೆ. ಅದು ಕಟ್ಟುಕಥೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಕರುಳು ಮಾತ್ರ ಅದಕ್ಕೆ ಸ್ಪಂದಿಸುತ್ತದೆ. ಪೂರ್ತಿ ವಾಸಿಯಾಗಿಲ್ಲ, ಆದರೆ ರಾತ್ರಿ ಸರ್ವಿಸ್ಸಿಗೆ ಹೋಗಿಬರುತ್ತಾರೆ. ಇಲ್ಲಿ ಕಲ್ಪನೆಯನ್ನು ಕಲ್ಪನೆಯೆಂದೇ ಬಳಸುತ್ತಿದ್ದೇವೆ. ಸರದ ವಿಷಯದಲ್ಲಿ ನಾನು ಅದನ್ನು ಪಂಚನಾಮೆ ಎಂದು ಬಗೆದಿದ್ದೆ.

ಸುಪ್ತ ಮನಸ್ಸು ಇಲ್ಲವೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ನಮ್ಮ ಅರಿವಿಗೆ ಬಾರದೆ ಮನಸ್ಸು ಮಾಡುವ ಕೆಲಸ ಅಪಾರ. ಗೇರು ಬದಲಿಸುತ್ತ ಫೋನಿನಲ್ಲಿ ಜಗಳವಾಡುವ ಲಾರಿ ಡ್ರೈವರನ್ನು ಕೇಳಿ, ವ್ಯಾಕರಣದ ಹೆಸರು ಕೇಳದೆ ತಪ್ಪಿಲ್ಲದ ಕನ್ನಡ ಆಡುವ ಮೂರು ವರ್ಷದ ಮಗುವನ್ನು ನೋಡಿ. ಆದರೆ ಆ ಕೆಲಸ ಮಾಡುವುದು ಸರ್ವಜ್ಞನಾದ ಒಳಗಿನ ಮುದುಕನಲ್ಲ. ಅದು ಅಭ್ಯಾಸ, ಊಹೆ, ಭಯ, ಕೇಳಿಸಿಕೊಂಡ ಗಾಸಿಪ್ಪು ಎಲ್ಲ ಕಲಸಿದ್ದು. ಕೇಳಿದ್ದಕ್ಕೆ ಉತ್ತರ ಕೊಡುತ್ತದೆ; ಗೊತ್ತಿಲ್ಲದಿದ್ದರೂ ಕೊಡುತ್ತದೆ.

ಓರಗಿತ್ತಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಜತೆಗೆ ಸರದ ಒಡತಿಯೂ ಬಂದಿದ್ದರು, ಬಾಗಿಲ ಹೊರಗೇ ನಿಂತಿದ್ದರು. ಓರಗಿತ್ತಿ ನನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು; ಕೊಡದೇ ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ತಪ್ಪೆಲ್ಲ ನನ್ನದು, ಅವರ ಹೆಸರು ಬರುವಂತೆ ಕೇಳಿದ್ದು ನಾನು ಎಂದು ವಿವರಿಸಿದೆ. ಅತ್ತೆಯವರಿಗೂ ಹೇಳಿ ಬಂದಿದ್ದೇನೆ ಎಂದೆ. ಆ ಹಿರಿಯರು "ಹೋಗ್ಲಿ ಬಿಡಿ, ಸರ ಸಿಕ್ತಲ್ಲ" ಎಂದು ಮಾತು ಮುಗಿಸಿದ್ದರು. ಅದನ್ನು ತಿಳಿಸಿದಾಗ ಇವರು ಲೋಟ ಎತ್ತಿಕೊಳ್ಳುತ್ತ ಕೇಳಿದರು: "ಸರ ಸಿಕ್ಕಿದ್ದಕ್ಕೆ ನಾನು ಒಳ್ಳೆಯವಳಾದೆ. ಸಿಗದೇ ಇದ್ದಿದ್ರೆ ನೀವು ಇಲ್ಲಿಗೆ ಬರ್ತಿದ್ರಾ?"

ಬರುತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ವಾಪಸ್ ಕೂಡು ಮನೆಗೆ ಹೋಗಲಿಲ್ಲ.

ಹಿಮಗುಡ್ಡದ ಚಿತ್ರ ತೆಗೆದುಹಾಕಿದೆ. ಮೊದಲ ಭೇಟಿಗೆ ಬಂದವರ ಕೈಗೆ ಈಗ ಒಂದು ಹಾಳೆ ಕೊಡುತ್ತೇನೆ, ಸಹಿ ಹಾಕಬೇಕು. ನಾನು ವೈದ್ಯನಲ್ಲ, ಸಮ್ಮೋಹನ ನಿದ್ರೆಯಲ್ಲ, ನಿಮಗೆ ಎಲ್ಲ ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಎದ್ದು ಹೋಗಬಹುದು, ಕಳೆದ ವಸ್ತು, ಕದ್ದವರು, ಹಿಂದಿನ ಜನ್ಮ, ಮರೆತ ಘಟನೆ ಹುಡುಕಿಕೊಡಲಾಗುವುದಿಲ್ಲ. ಎಲ್ಲ ಮಾತನ್ನೂ ರೆಕಾರ್ಡ್ ಮಾಡುತ್ತೇನೆ, ಸಂಜೆ ಕೂತು ನನ್ನ ಪ್ರಶ್ನೆಗಳನ್ನಷ್ಟೇ ಕೇಳಿಕೊಳ್ಳುತ್ತೇನೆ. ಇಂದಿಗೂ ಒಂದೆರಡು ಕಡೆ ತುಟಿ ಕಚ್ಚಿಕೊಳ್ಳುವಂತಾಗುತ್ತದೆ. ಹಾಳೆ ಓದಿ ಎದ್ದು ಹೋಗುವವರೂ ಇದ್ದಾರೆ. ಹೋಗುವಾಗ ಕೆಲವರು, "ಮತ್ತೆ ಇನ್ನೇನು ಮಾಡ್ತೀರಿ ನೀವು?" ಎಂದು ಕೇಳುತ್ತಾರೆ. ಅವರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬುದೂ ನನಗೆ ಗೊತ್ತು. ಅಲ್ಲಿಯ ಬೋರ್ಡು ನನ್ನದಕ್ಕಿಂತ ದೊಡ್ಡದು.